ತಿರುಗಿದ ಐದು ಕತ್ತಿ

ಟ್ಯಾರೋ ಎಂಬ ಇಸ್ಪೀಟಿನಂಥ ಎಲೆಗಳಲ್ಲಿ ಭವಿಷ್ಯ ಓದುವುದನ್ನು ನನಗೆ ಕಲಿಸಿದವಳು ಸೋದರತ್ತೆ ಫಿಲೋಮೆನ್. ಮಾರ್ಸೇಯ ಬಂದರಿನ ಹೆಂಗಸರು ಆಗ ಅವಳ ಅಡುಗೆಮನೆಗೆ ಬರುತ್ತಿದ್ದರು, ಈಗ ನನ್ನ ಅಡುಗೆಮನೆಗೆ ಬರುತ್ತಾರೆ. ಅವಳದು ಒಂದೇ ಕಟ್ಟಪ್ಪಣೆ. ಬಂದವಳು ಎಡಗೈಯಿಂದ ಎಲೆಕಟ್ಟನ್ನು ಎರಡು ಭಾಗ ಮಾಡಿ ಮತ್ತೆ ಜೋಡಿಸುವಾಗ ಒಂದು ಭಾಗ ತಲೆಕೆಳಗಾಗಿ ತಿರುಗಿಬಿಟ್ಟರೆ ಆ ದಿನ ಓದಬಾರದು. ಬಟ್ಟೆಯಲ್ಲಿ ಸುತ್ತಿಟ್ಟು, ನಾಳೆ ಬಾ ಎನ್ನಬೇಕು. ನಲವತ್ತು ವರ್ಷ ನಾನು ಅದನ್ನು ಪಾಲಿಸಿದೆ, ಒನೊರೀನಳ ವಿಷಯವೊಂದನ್ನು ಬಿಟ್ಟು.

ಒನೊರೀನ್ ನಮ್ಮ ಓಣಿಯವಳೇ, ಮೀನುಗಾರನ ವಿಧವೆ. ಗಂಡುಮಕ್ಕಳಿಬ್ಬರು. ಅಪ್ಪ ಸತ್ತ ವರ್ಷವೇ ದೊಡ್ಡವನು ತಿತಾ, ಮನೆಯ ದೋಣಿಯ ಮೇಲಿದ್ದ ಅಜ್ಜಿಯ ಹೆಸರು ಅಳಿಸಿ ತನ್ನ ಹೆಂಡತಿಯ ಹೆಸರು ಬರೆಸಿದ. ದೋಣಿಯ ಹೆಸರು ಬದಲಿಸುವುದೆಂದರೆ ನಮ್ಮಲ್ಲಿ ಹೆತ್ತವಳನ್ನು ಬೀದಿಗೆ ದಬ್ಬಿದ ಹಾಗೆ. ಚಿಕ್ಕವನು ಎಲ್ಜಿಯಾರ್ ಎಲ್ಲರೆದುರು ದೋಣಿಯ ಹುಟ್ಟು ಎತ್ತಿ ಅಣ್ಣನ ಭುಜಕ್ಕೆ ಬಾರಿಸಿದ. ಅಲ್ಲಿಂದ ನಾಲ್ಕು ವರ್ಷ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ಒನೊರೀನ್ ಬಂದಳು. ಭಾನುವಾರ ಇಬ್ಬರನ್ನೂ ಊಟಕ್ಕೆ ಕರೆಯಬೇಕೆಂದಿದ್ದಳು, ಮಕ್ಕಳಿಗೂ ಸುಳಿವು ಕೊಟ್ಟಿದ್ದಳು. ಉಪ್ಪುಮೀನು ತಂದಾಗಿದೆ, ಬೆಳ್ಳುಳ್ಳಿ ಅರೆದು ಅಯೋಲಿ ಗೊಜ್ಜು ಮಾಡುವುದಷ್ಟೇ ಬಾಕಿ, ಎಲೆ ಏನನ್ನುತ್ತದೋ ನೋಡಿಬಿಡು ಎಂದಳು. ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ ಇನ್ನೊಂದರಲ್ಲಿ ಕಟ್ಟು ಜೋಡಿಸಿದಳು. ಒಂದು ಭಾಗ ತಿರುಗಿದ್ದನ್ನು ನಾನು ಕಂಡೆ. ಮೆಟ್ಟಿಲ ಮೇಲೆ ಇನ್ನಿಬ್ಬರು ಕಾಯುತ್ತಿದ್ದರು, ನನಗೆ ಸೊಂಟನೋವು. ನಾಳೆ ಬಾ ಎನ್ನಲಿಲ್ಲ.

ಬಂದದ್ದು ಐದು ಕತ್ತಿಯ ಎಲೆ. ಅದರಲ್ಲಿ ಮನುಷ್ಯರ ಚಿತ್ರವಿಲ್ಲ. ಬಾಗಿದ ನಾಲ್ಕು ಕತ್ತಿಗಳ ನಡುವೆ ನೆಟ್ಟಗಿನ ಒಂದು ಕತ್ತಿ. ಅದರ ಮೊನೆ ಮೇಲಿದ್ದರೆ ಜಗಳ ಇನ್ನೂ ಹಸಿಹಸಿ, ಕೆಳಗಿದ್ದರೆ ಜಗಳ ಮುಗಿಯಿತು, ಕೈ ಚಾಚಬಹುದು. ಮೊನೆ ಕೆಳಗಿತ್ತು. ಇವಳು ಕಟ್ಟು ತಿರುಗಿಸಿದ್ದಾಳಲ್ಲ, ಹಾಗಾದರೆ ನಿಜವಾದ ಮೊನೆ ಮೇಲೆಯೇ ಎಂದು ಲೆಕ್ಕ ಹಾಕಿದೆ. ಸುಳ್ಳೇಕೆ, ನನಗೆ ರಾಜಿಯಲ್ಲಿ ನಂಬಿಕೆ ಕಡಿಮೆ. ನನ್ನ ಗಂಡ ಸಾಯುವಾಗಲೂ ತನ್ನ ತಮ್ಮನನ್ನು ಒಳಗೆ ಬಿಡಬೇಡ ಎಂದವನು.

"ಒಂದೇ ಮೇಜಿಗೆ ಕೂರಿಸ್ಬೇಡ ಕಣೇ. ಬೇಸಿಗೆ ಕಳೀಲಿ," ಎಂದೆ.

ಅವಳು ಉಪ್ಪುಮೀನನ್ನು ಪಕ್ಕದ ಮನೆಗೆ ಕೊಟ್ಟಳು. ಎಲೆಯಲ್ಲಿ ಕತ್ತಿ ಬಂದಿದೆ, ಈ ಭಾನುವಾರ ಬೇಡವೆಂದು ಮಕ್ಕಳಿಬ್ಬರಿಗೂ ಹೇಳಿಕಳಿಸಿದಳು.

ಜುಲೈಯಲ್ಲಿ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಎಲ್ಜಿಯಾರ್ ನನ್ನ ಹಿಂದೆಯೇ ನಿಂತಿದ್ದ.

"ಏನ್ ಜೆಲಿ ಅತ್ತೆ, ನಿಮ್ ಕತ್ತಿಗಳಿಗೆ ಇನ್ನೂ ತುಕ್ಕು ಹಿಡೀಲಿಲ್ವಾ?" ಎಂದು ಕೆಣಕಿದ. "ಅಮ್ಮ ಯಾವಾಗ ಕರೀತಾಳೋ ಅಂತ ಅಂಗಿ ಇಸ್ತ್ರಿ ಮಾಡಿ ಇಟ್ಕೊಂಡಿದೀನಿ."

ಅಂದೇ ಒನೊರೀನಳ ಬಾಗಿಲು ತಟ್ಟಿ, ನನ್ನಿಂದ ತಪ್ಪಾಯಿತು, ಕರೆ ಎನ್ನಬಹುದಿತ್ತು. ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡವಳ ಬಳಿ ಯಾರು ಎಲೆ ನೋಡಿಸುತ್ತಾರೆ? ನಗುನಗುತ್ತ ಬ್ರೆಡ್ಡು ಹಿಡಿದು ಮನೆಗೆ ಬಂದೆ. ಆಗಸ್ಟಿನಲ್ಲಿ ಬಂದರಿನ ಮೆಟ್ಟಿಲು ಹತ್ತುತ್ತಿದ್ದಾಗ ಎಲ್ಜಿಯಾರನ ಎದೆಬಡಿತ ನಿಂತಿತು. ಮೂವತ್ತೊಂಬತ್ತು ವರ್ಷ. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಯುವವರೆಗೂ ತಿತಾ ಹೊರಗೆ ಬಿಸಿಲಲ್ಲೇ ನಿಂತಿದ್ದ.

ಸೆಪ್ಟೆಂಬರಿನಲ್ಲಿ ಒನೊರೀನ್ ಕಪ್ಪು ಬಟ್ಟೆಯಲ್ಲಿ ಬಂದು ಅದೇ ಕುರ್ಚಿಯಲ್ಲಿ ಕುಳಿತಳು. ಕಟ್ಟು ಮುಟ್ಟಲಿಲ್ಲ. ಆ ಊಟ ಯಾಕೆ ತಪ್ಪಿಸಿದೆ ಎಂದು ತಿತಾ ದಿನಾ ಕೇಳುತ್ತಾನೆ, ಅನ್ನ ನೀರು ಬಿಟ್ಟಿದ್ದಾನೆ ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಅವತ್ತು ಕರೆದಿದ್ರೆ ಹೊಡೆದಾಡ್ತಿದ್ರು ತಾನೆ? ಎಲೆ ಹೇಳಿದ್ದು ಅದನ್ನೇ ತಾನೆ, ಜೆಲಿ?"

ಅವಳ ಮುಖ ನೋಡಿದೆ. ನಿಜ ಹೇಳಿದರೆ ಈ ಹೆಂಗಸು ಉಳಿಯುವುದಿಲ್ಲ ಅನ್ನಿಸಿತು. ನಾನೂ ಉಳಿಯಬೇಕಿತ್ತು, ಅದೂ ಸುಳ್ಳಲ್ಲ.

"ರಕ್ತ ಹರೀತಿತ್ತು ಒನೊರೀನ್. ನೀನು ಮಾಡಿದ್ದೇ ಸರಿ."

ಅವಳು ಮೇಜಿನ ಮೇಲೆ ತಲೆಯಿಟ್ಟು ಹಗುರಾಗುವವರೆಗೆ ಅತ್ತಳು. ಆಮೇಲೆ ಬಾಗಿಲ ಕಡೆ ತಿರುಗಿ, "ಕೇಳಿಸ್ತೇನೋ ತಿತಾ? ಬಾ ಒಳಗೆ," ಎಂದಳು.

ಅವನು ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ಕುಳಿತಿದ್ದನಂತೆ. ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಗಡ್ಡ ಬೆಳೆದಿತ್ತು. ನನ್ನನ್ನು ನೋಡಲಿಲ್ಲ, ಮೇಜಿನ ಮೇಲಿನ ಎಲೆಕಟ್ಟನ್ನು ನೋಡುತ್ತಿದ್ದ.

"ಅಂದ್ರೆ ಕೊನೇವರೆಗೂ ಅವನಿಗೆ ನನ್ ಮೇಲೆ ಸಿಟ್ಟೇ ಇತ್ತು," ಎಂದ.

ಇಸ್ತ್ರಿ ಮಾಡಿಟ್ಟ ಅಂಗಿಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒನೊರೀನಳ ಒದ್ದೆ ಕೈ ಇನ್ನೂ ನನ್ನ ಕೈ ಮೇಲಿತ್ತು.

"ಹೂಂ," ಎಂದೆ.

"ದೋಣಿಗೆ ಅಜ್ಜಿ ಹೆಸರೇ ಮತ್ತೆ ಬರೆಸಿ ಮುಚ್ಚಿಟ್ಟಿದ್ದೆ. ಆ ಭಾನುವಾರ ತೋರ್ಸೋಣ ಅಂತ." ಅವನು ಟೋಪಿ ತಲೆಗಿಟ್ಟುಕೊಂಡ. "ಬಿಡಿ. ಅವನು ನೋಡ್ತಾನೇ ಇರ್ಲಿಲ್ಲ."

ಮರುದಿನ ಮೀನು ಕೊಳ್ಳಲು ಬಂದರಿಗೆ ಹೋದಾಗ ತಿತಾನ ದೋಣಿ ಕಂಡಿತು. ಹಲಗೆಯನ್ನು ಮರ ಕಾಣುವವರೆಗೂ ಕೆರೆದಿದ್ದ. ಯಾವ ಹೆಸರೂ ಇರಲಿಲ್ಲ.