ನಮ್ಮ ಬಗ್ಗೆ

‘ಮನೇಲೇ ಇರ್ತಾಳಲ್ಲ’ ಎಂಬ ಮಾತನ್ನು ಮೊದಲು ಆಡಿದ ಬಾಯಿ ಯಾವುದೋ ಗೊತ್ತಿಲ್ಲ. ಗೊತ್ತಾದರೆ ಸೂಜಿ ದಾರ ತೆಗೆದುಕೊಂಡು ಹೋಗಿ ಹೊಲಿದು ಬರುತ್ತೇನೆ. ನಲ್ಲಿ ರಿಪೇರಿಯವನು ಬಂದರೆ ಬಾಗಿಲು ತೆಗೆಯಲು ನಾನು, ಮನೇಲೇ ಇರ್ತಾಳಲ್ಲ. ಕೆಳಗಿನ ಮನೆಯವರ ಪಾರ್ಸಲ್ಲು, ಎದುರು ಮನೆಯವರ ಬೀಗದ ಕೈ, ಜ್ವರ ಬಂದ ಮಗು, ಎಲ್ಲ ನನ್ನ ಕೊರಳಿಗೆ. ನಾನು ವೆಬ್‌ಸೈಟು ಮಾಡುತ್ತೇನೆ, ಅದರೊಳಗಿನ ಮಾತುಗಳನ್ನೂ ಬರೆಯುತ್ತೇನೆ. ಅಂಗಡಿಯವರು, ಆಸ್ಪತ್ರೆಯವರು, ಶಾಲೆಯವರು, ಯಾರು ಕೇಳಿದರೂ ಸೈ. ಹನ್ನೊಂದು ವರ್ಷವಾಯಿತು. ಅತ್ತೆಯ ಬಾಯಲ್ಲಿ ಅದು ಇವತ್ತಿಗೂ ‘ಕಂಪ್ಯೂಟರ್ ಮುಂದೆ ಕೂತಿರೋದು’.

ಕೂರುವುದಾದರೂ ಎಲ್ಲಿ? ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ. ಡಬ್ಬಗಳನ್ನು ಮೇಲಿನ ಹಲಗೆಗೆ ಏರಿಸಿ, ಕೆಳಗೆ ಒಂದು ಮೇಜು ತುರುಕಿಕೊಂಡಿದ್ದೇನೆ. ಅದಕ್ಕೆ ಬಾಗಿಲಿಲ್ಲ, ಬಾತುಕೋಳಿ ಚಿತ್ರದ ಹಳೆಯ ಪರದೆಯೊಂದಿದೆ. ನಾನು ಗಿರಾಕಿಯ ಜೊತೆ ಮಾತಿಗೆ ಕೂತ ಗಳಿಗೆಯಲ್ಲೇ ಅತ್ತೆಗೆ ಉಪ್ಪಿನ ಡಬ್ಬ ಬೇಕು. ಏಳು ವರ್ಷದ ಮಗಳು, ಮನೆಯಲ್ಲಿ ಎಲ್ಲರೂ ಚಿನಕುರುಳಿ ಎನ್ನುವವಳು, ಪರದೆಯಡಿ ತಲೆ ತೂರಿಸಿ ‘ಅಮ್ಮ, ತಿಮಿಂಗಿಲ ಆಕಳಿಸುತ್ತಾ?’ ಎಂದು ಕೇಳುವುದೂ ಆಗಲೇ.

ಹೀಗಿರುವಾಗ ಬಾಗಿಲು ಸಾಹುಕಾರರ ಕೆಲಸ ಬಂತು. ಬಾಗಿಲು ಮಾಡುವ ದೊಡ್ಡ ಕಾರ್ಖಾನೆ, ಹಳೆಯ ವೆಬ್‌ಸೈಟು ತೆಗೆದು ಹೊಸದು ಮಾಡಬೇಕು. ಮುಖಪುಟಕ್ಕೆ ನಾನು ಬರೆದ ಸಾಲು, ‘ಹೊರಗಿನ ಸದ್ದು ಹೊರಗೇ ಇರಲಿ’, ಅವರಿಗೆ ಬಹಳ ಹಿಡಿಸಿತು. ಒಂದು ದಿನ ಫೋನಿನಲ್ಲಿ ಕೇಳಿದರು. “ಅದೇನಮ್ಮ ಹಿಂದೆ ಅಷ್ಟು ಗಲಾಟೆ? ಬಾಗಿಲು ಹಾಕ್ಕೊಳ್ಳಬಾರ್ದಾ?”

“ಇದ್ರೆ ತಾನೆ ಸರ್ ಹಾಕ್ಕೊಳ್ಳೋದು!”

ಅವರು ಗಹಗಹಿಸಿ ನಕ್ಕರು. “ಸೋಮವಾರ ಸೈಟು ನನಗೆ ಒಪ್ಪಿಗೆ ಆಗಲಿ. ನಮ್ಮ ಕಾರ್ಖಾನೆದೇ ಒಂದು ಗಟ್ಟಿ ಬಾಗಿಲು ನಿಮಗೆ ಹಾಕಿಸ್ತೀನಿ, ಚಿಲಕ ಸಮೇತ.”

ನಂಬಿದರೆ ನಂಬಿ, ನನಗೆ ಅಳು ಬಂತು. ಅಷ್ಟು ಬೇಕಾಗಿತ್ತು ಆ ಬಾಗಿಲು. ಊಟಕ್ಕೆ ಕೂತಾಗ ಹೇಳಿದೆ.

“ಉಗ್ರಾಣಕ್ಕೆ ಬಾಗಿಲಾ?” ಅತ್ತೆ ಮಗನ ಕಡೆ ತಿರುಗಿದರು. “ಮನೆಯೊಳಗೆ ಮನೆ ಕಟ್ತಿದ್ದಾಳೆ ನೋಡಪ್ಪ. ನಾವೂ ಕೆಲಸ ಮಾಡಿದ್ದೀವಿ. ಬಾಗಿಲು ಕೇಳಿರಲಿಲ್ಲ.”

“ಹಾಕಿಸಿದ್ರೂ ಸರಿ, ಬಿಟ್ರೂ ಸರಿ,” ಎಂದರು ನನ್ನ ಗಂಡ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಅತ್ತೆ ಎಂದೋ ಯಾವುದೋ ಪ್ರೆಸ್ಸಿನಲ್ಲಿ ಇದ್ದರೆಂದು ಕೇಳಿದ್ದೆ. ಕಾಗದ ಮಡಚುವ ಕೆಲಸವಿರಬೇಕು ಎಂದುಕೊಂಡಿದ್ದೆ. ವಿಚಾರಿಸಲು ಹೋಗಿರಲಿಲ್ಲ.

ಇನ್ನು ನಾನು ಮಾಡಿದ ಘನಕಾರ್ಯ. ಗಿರಾಕಿ ಬರಹ ಕೊಡುವ ತನಕ ಪುಟ ಖಾಲಿ ಇದ್ದರೆ ವಿನ್ಯಾಸ ತಿಳಿಯುವುದಿಲ್ಲ, ಏನಾದರೂ ತುಂಬಬೇಕು. ಬೇರೆ ಭಾಷೆಗಳಿಗೆ ಅರ್ಥವಿಲ್ಲದ ಸಿದ್ಧ ಸಾಲುಗಳಿವೆ. ನಮ್ಮ ಭಾಷೆಗೆ ಅದು ನಡೆಯದು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೋ ಇಲ್ಲವೋ ನೋಡಲು ನಿಜವಾದ ಮಾತೇ ಬೇಕು. ಹಾಗಾಗಿ ನಾನು ಬಾಯಿಗೆ ಬಂದದ್ದನ್ನು ಬರೆದು ತುಂಬುತ್ತೇನೆ, ಆಮೇಲೆ ಅಳಿಸುತ್ತೇನೆ. ‘ನಮ್ಮ ಬಗ್ಗೆ’ ಎಂಬ ಪುಟದಲ್ಲಿ ಸಾಹುಕಾರರ ತಾಯಿಯ ಫೋಟೋ ಇತ್ತು. ಕೆಳಗಿನ ಬರಹ ತಾವೇ ಕಳಿಸುತ್ತೇನೆಂದವರು ಕಳಿಸಿರಲಿಲ್ಲ. ಅವತ್ತು ಅತ್ತೆ ಆರು ಸಲ ಪರದೆ ಸರಿಸಿದ್ದರು. ನನ್ನ ಬಾಯಿಗೆ ಏನು ಬಂದಿರಬಹುದು, ನೀವೇ ಊಹಿಸಿ.

ಭಾನುವಾರ ಎಲ್ಲ ಪುಟಗಳನ್ನೂ ಪ್ರಿಂಟ್ ತೆಗೆದು, ಓದೋಣವೆಂದು ಊಟದ ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಚಿನಕುರುಳಿ ಶಾಲೆಯ ಚಿತ್ರಕ್ಕೆಂದು ಕಲಸಿದ ಬಣ್ಣದ ನೀರು ಚೆಲ್ಲಿದಳು, ಅದನ್ನು ಒರೆಸಿ ಅವಳ ಫ್ರಾಕು ತೊಳೆಯುವಷ್ಟರಲ್ಲಿ ಓದುವುದು ಮರೆತೇಹೋಯಿತು.

ಸೋಮವಾರ ಹನ್ನೊಂದಕ್ಕೆ ವಿಡಿಯೋ ಕರೆ. ಸಾಹುಕಾರರು ಒಂದೊಂದೇ ಪುಟ ತೆರೆದು ‘ಚೆನ್ನಾಗಿದೆ, ಚೆನ್ನಾಗಿದೆ’ ಎನ್ನುತ್ತಿದ್ದರು. ಆಗ ಪರದೆ ಸರಿಯಿತು. ಅತ್ತೆ, ಕೈಯಲ್ಲಿ ಹಾಳೆಗಳ ಕಟ್ಟು.

“ಇದನ್ನೊಂದು ನೋಡಮ್ಮ, ಆರನೇ ಹಾಳೆ...”

ಮೈಯೆಲ್ಲ ಉರಿದುಹೋಯಿತು. ಮೈಕು ಮುಚ್ಚಿ ಹಲ್ಲು ಕಚ್ಚಿದೆ. “ಅತ್ತೆ, ನಿಮಗೆ ಎಷ್ಟು ಸಲ ಹೇಳ್ಬೇಕು? ಹೊರಗೆ ಹೋಗಿ!”

“ಒಂದೇ ನಿಮಿಷ. ಆರನೇ...”

“ಹೋಗಿ ಅಂದೆ!”

ಅವರು ಹೋಗಲಿಲ್ಲ. ತೆರೆಯ ಮೇಲೆ ಸಾಹುಕಾರರ ಮುಖ ಕಪ್ಪಿಟ್ಟಿತು. ನಾನು ಮೈಕು ತೆರೆದೆ.

“ಏನಮ್ಮ ಇದು?” ಎಂದು ಅವರು ಗಟ್ಟಿಯಾಗಿ ಓದತೊಡಗಿದರು. “‘ಈ ಮುದುಕಿಗೆ ಕೆಲಸವೆಂದರೆ ಏನೆಂದು ಜನ್ಮದಲ್ಲಿ ಗೊತ್ತಿಲ್ಲ. ಕುತ್ತಿಗೆಗೆ ಗಂಟೆ ಕಟ್ಟಿದರೆ ಬರುವುದಾದರೂ ತಿಳಿದೀತು...’ ಯಾರಿಗಮ್ಮ ಮುದುಕಿ ಅನ್ನೋದು? ಒಂದೇ ಒಂದು ಗರಗಸ ಇಟ್ಕೊಂಡು ಈ ಕಾರ್ಖಾನೆ ಶುರು ಮಾಡಿದವಳು ನಮ್ಮಮ್ಮ! ಅವಳ ಫೋಟೋ ಕೆಳಗೆ ಇದನ್ನ ಬರೀತೀಯಾ?”

“ಅಯ್ಯೋ, ಅಲ್ಲ ಸರ್! ಅದು ನಿಮ್ಮ ತಾಯಿ ಬಗ್ಗೆ ಅಲ್ಲ...”

“ಮತ್ತೆ ಯಾರ ಬಗ್ಗೆ?”

ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಕೆಲಸವೂ ಬಾಗಿಲೂ ಹೋಗುತ್ತವೆ. ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿ ಅತ್ತೆ ಉಸಿರಾಡುವುದು ಕೇಳುತ್ತಿತ್ತು.

“ನನ್ನ ಬಗ್ಗೆ,” ಎಂದರು ಅತ್ತೆ.

ನನ್ನ ಭುಜದ ಮೇಲಿಂದ ಬಗ್ಗಿದರು. ತೆರೆಯ ಮೂಲೆಯಲ್ಲಿ ಅವರ ಅರ್ಧ ಹಣೆ, ಒಂದು ಕನ್ನಡಕದ ಗಾಜು. “ನಾನು ಇವಳ ಅತ್ತೆ. ಜಾಗ ತುಂಬೋಕೆ ಬರೆದಿದ್ದಾಳೆ, ತೆಗೆಯೋದು ಮರೆತಿದ್ದಾಳೆ. ನೀವು ಕೊಡ್ಬೇಕಾದ್ದು ಕೊಟ್ಟಿದ್ರೆ ಜಾಗ ಖಾಲಿ ಯಾಕಿರ್ತಿತ್ತು?”

ಸಾಹುಕಾರರ ದನಿ ಇಳಿಯಿತು. “ಅಮ್ಮಾ, ಇಂಥ ಸೊಸೆ ಜೊತೆ ಹೇಗಮ್ಮ ಇದೀರಾ?”

“ಅದು ನಮ್ಮ ಮನೆ ವಿಷಯ. ನೀವು ನಿಮ್ಮ ಬಾಗಿಲಿನ ವಿಷಯ ಮಾತಾಡಿ.”

ಸಾಹುಕಾರರು ಕೆಮ್ಮಿದರು. ತಾಯಿಯ ಬಗ್ಗೆ ಸಂಜೆಯೊಳಗೆ ಕಳಿಸುತ್ತೇನೆ, ಉಳಿದದ್ದೆಲ್ಲ ಒಪ್ಪಿಗೆ ಎಂದು ಹೇಳಿ ಕರೆ ಮುಗಿಸಿದರು.

ಬೇರೆ ಯಾರಾದರೂ ಆಗಿದ್ದರೆ ಅತ್ತೆಯ ಕಾಲು ಹಿಡಿಯುತ್ತಿದ್ದರೇನೋ. ನನಗೆ ಬಂದದ್ದು ಸಿಟ್ಟು. “ನನ್ನ ಕಾಗದ ಯಾಕೆ ಓದಿದ್ರಿ?”

“ಮೇಜಿನ ಮೇಲಿತ್ತು.”

“ಮೇಜಿನ ಮೇಲಿದ್ದದ್ದೆಲ್ಲ ಓದಿಬಿಡ್ತೀರಾ?”

“ಒಂಬತ್ತು ವರ್ಷ ಅದೇ ಕೆಲಸ ಮಾಡಿದ್ದು,” ಎಂದು ಹಾಳೆಗಳನ್ನು ಮೇಜಿಗೆ ಕುಕ್ಕಿ ಹೋದರು.

ಪುಟಪುಟದಲ್ಲೂ ಕೆಂಪು ಶಾಯಿ. ನಾನು ಹತ್ತು ಸಲ ನೋಡಿಯೂ ಕಾಣದ ತಪ್ಪುಗಳು. ಆರನೇ ಹಾಳೆಯಲ್ಲಿ ನನ್ನ ಬೈಗುಳವನ್ನೂ ಬಿಟ್ಟಿರಲಿಲ್ಲ, ಅಲ್ಪಪ್ರಾಣ ಮಹಾಪ್ರಾಣ ಎಲ್ಲ ತಿದ್ದಿದ್ದರು. ‘ಕೆಲಸವೆಂದರೆ ಏನೆಂದು ಜನ್ಮದಲ್ಲಿ ಗೊತ್ತಿಲ್ಲ’ ಎಂಬುದರ ಎದುರು, ಅಂಚಿನಲ್ಲಿ, ಮುದ್ದಾದ ಅಕ್ಷರದಲ್ಲಿ ಬರೆದಿದ್ದರು: ‘ವಿಷಯ ತಪ್ಪು. ವಿಚಾರಿಸಿ.’

ಮುಂದೆ ಓದುವ ತಾಳ್ಮೆ ಯಾರಿಗಿದೆ? ಹಾಳೆಗಳನ್ನೆಲ್ಲ ಚಿನಕುರುಳಿ ಚಿತ್ರ ಬರೆಯುವ ಹಳೆಯ ಕಾಗದದ ರಾಶಿಗೆ ಎಸೆದೆ.

ಸಂಜೆ ಗಂಡನನ್ನು ಹಿಡಿದು ಕೇಳಿದೆ. “ಅಮ್ಮ ಪ್ರೆಸ್ಸಿಗೆ ಪ್ರೂಫ್ ನೋಡ್ತಿದ್ಲು,” ಎಂದರು. “ಮನೆಗೇ ತರ್ತಿದ್ಲು. ಅಡುಗೆಮನೆ ನೆಲದ ಮೇಲೆ ಕೂತು ಓದೋದು, ನಾನು ತೊಡೆ ಮೇಲೆ. ಒಂದ್ಸಲ ನಂಗೆ ಜ್ವರ ಬಂದು ಅಳ್ತಾ ಇದ್ದೆ. ಯಾರದೋ ಸಾವಿನ ಸುದ್ದಿ, ಅವಳ ಕಣ್ತಪ್ಪಿ ಸತ್ತವರ ಜಾಗದಲ್ಲಿ ಬದುಕಿದ್ದ ಮಗನ ಹೆಸರು ಅಚ್ಚಾಗಿ ಹೋಯ್ತು. ಪ್ರೆಸ್ಸಿನವರು ಇನ್ಮೇಲೆ ಬರಬೇಡ ಅಂದ್ರು.”

“ಇಷ್ಟು ವರ್ಷ ಯಾಕ್ರೀ ಹೇಳಲಿಲ್ಲ?”

“ನೀನು ಕೇಳಲಿಲ್ಲ. ಅವಳು ಹೇಳಬೇಡ ಅಂದಿದ್ಲು.”

ಕೇಳಿ ಕರುಳು ಚುರುಕ್ಕೆಂದಿತು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಬಾಗಿಲಿಲ್ಲದಿದ್ದರೆ ಏನಾಗುತ್ತದೆಂದು ತಾವೇ ಉಂಡು ತಿಳಿದವರು, ನನಗೆ ಮಾತ್ರ ಬೇಡ ಅಂದರಲ್ಲ! ಇನ್ನಷ್ಟು ಉರಿಯಿತು. ನಾಲ್ಕು ದಿನ ನಾವು ಚಿನಕುರುಳಿಯ ಮೂಲಕವೇ ಮಾತಾಡಿದೆವು. ‘ನಿಮ್ಮಮ್ಮಂಗೆ ಹೇಳು, ಹಾಲು ಉಕ್ತಿದೆ.’ ‘ಅಜ್ಜಿಗೆ ಹೇಳು, ಕಣ್ಣಿದ್ದವರು ಇಳಿಸಬಹುದು.’

ಶನಿವಾರ ಬಾಗಿಲು ಬಂತು. ದಪ್ಪ ಮರ, ಒಳ್ಳೆಯ ವಾಸನೆ. ಬಡಗಿ ಕೇಳಿದ, “ಚಿಲಕ ಒಳಗಾ, ಹೊರಗಾ?”

“ಒಳಗೆ,” ಎಂದೆ.

“ಹೊರಗೂ ಒಂದಿರಲಿ,” ಎಂದಿತು ಅಡುಗೆಮನೆ.

ಬಡಗಿ ಇಬ್ಬರ ಮುಖವನ್ನೂ ನೋಡಿದ. ಸಂಸಾರಸ್ಥನಿರಬೇಕು, ಎರಡೂ ಹಾಕಿ ಹೋದ.

ಮಧ್ಯಾಹ್ನ ಒಳಗೆ ಕೂತು ಚಿಲಕ ಜಡಿದೆ. ಆಹಾ, ಗೆದ್ದೆ ಎನ್ನಿಸಿತು. ಹೊಸ ಪುಟ ತೆರೆದು ಎರಡು ಸಾಲು ಬರೆದಿರಬಹುದು. ಹೊರಗೆ ಊಟದ ಮೇಜಿನಲ್ಲಿ ಅತ್ತೆ ಬೀನ್ಸ್ ಮುರಿಯುತ್ತಿದ್ದರು. ಚಿನಕುರುಳಿ ತನ್ನ ಹಳೆಯ ಕಾಗದದ ರಾಶಿ ಹರಡಿಕೊಂಡಿದ್ದಳು.

“ಅಜ್ಜಿ, ಇದು ಅಮ್ಮ ಬರೆದದ್ದಾ? ‘ಇವರು... ಒಂದು ದಿನ... ಈ ಮನೆಯಲ್ಲಿ... ಇಲ್ಲದಿದ್ದರೆ... ನಾನು ಬದುಕಿಕೊಳ್ಳುತ್ತೇನೆ.’ ಯಾರಜ್ಜಿ ಇವರು?”

“ಚಿತ್ರ ಬರಿ ಸುಮ್ನೆ.”

“ನೀನು ಕೆಂಪು ಗೆರೆ ಎಳೆದು ಹೊಡೆದು ಹಾಕಿದೀಯ. ಮತ್ತೆ ಕೆಳಗೆ ಚುಕ್ಕಿ ಚುಕ್ಕಿ ಯಾಕೆ? ‘ಇರಲಿ’ ಅಂತ ಬೇರೆ ಬರೆದಿದೀಯ.”

“ಹೊಡೆದದ್ದು ತಪ್ಪಾಯ್ತು, ಇದ್ದದ್ದು ಇದ್ದ ಹಾಗೇ ಇರಲಿ ಅಂತ ಅರ್ಥ. ಪ್ರೆಸ್ಸಿನ ಗುರುತು ಅದು.”

“ಯಾಕೆ ತಪ್ಪಾಯ್ತು?”

ಬೀನ್ಸ್ ಮುರಿಯುವ ಸದ್ದು ನಿಂತಿತು.

“ಸುಳ್ಳಾದ್ರೆ ಹೊಡೆದು ಹಾಕ್ಬಹುದು ಮಗೂ. ಅವಳು ನಿಜ ಬರೆದಿದ್ದಾಳೆ.”

ಚಿಲಕ ಜಡಿದವಳು ನಾನೇ. ಹೊರಗಿನ ಸದ್ದು ಹೊರಗೇ ಇರಲಿ ಎಂದು ಬರೆದವಳೂ ನಾನೇ. ಒಂದಕ್ಷರ ಬಿಡದೆ ಕೇಳಿಸಿತು.