ನಲವತ್ತೆರಡು ಒಪ್ಪಿಗೆ

ನನ್ನನ್ನು ಸರ್ವರ್ ಎನ್ನುತ್ತಾರೆ. ಹುಟ್ಟಿದ್ದು ಮಾತ್ರ ಮಾಮೂಲಿ ಕಂಪ್ಯೂಟರಾಗಿ, ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ. ಸ್ಕ್ರೂಡ್ರೈವರ್ ಹಿಡಿದ ಒಬ್ಬಾತ ಅರ್ಧ ದಿನದಲ್ಲಿ ನನ್ನನ್ನು ಜೋಡಿಸಿ ಕೈ ಒರೆಸಿಕೊಂಡ. ಆರು ವರ್ಷ ವಕೀಲರೊಬ್ಬರ ಕಚೇರಿಯಲ್ಲಿ ಅರ್ಜಿ ಟೈಪು ಮಾಡಿಸಿಕೊಂಡೆ. ಆಮೇಲೆ ಅವರು ಹೊಸದನ್ನು ತಂದು, ನನ್ನನ್ನು ಗದುಗಿನ ಗಣಕ ಬಳಗಕ್ಕೆ ದಾನ ಮಾಡಿದರು. ದಾನ ಎಂದರೆ ಏನು, ಇಡಲು ಜಾಗವಿಲ್ಲ ಎಂದರ್ಥ!

ಭಾನುವಾರಗಳಲ್ಲಿ ಸೇರಿ ಒಬ್ಬರಿಗೊಬ್ಬರು ಕಂಪ್ಯೂಟರ್ ಕಲಿಸಿಕೊಳ್ಳುವವರ ಗುಂಪು ಅದು. ಕಾರ್ಯದರ್ಶಿ ರಾಚಯ್ಯ ಹೊಸಮಠ, ಕಾಲೇಜಿನ ಗ್ರಂಥಪಾಲಕರು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನನ್ನನ್ನು ಇಟ್ಟರು. ಬಳಗದ ಒಬ್ಬರು ಮೇಲ್ ಬರೆದರೆ ಪಟ್ಟಿಯಲ್ಲಿರುವ ಅರವತ್ತೆಂಟೂ ಜನರಿಗೆ ತಲುಪಿಸುವುದು ನನ್ನ ಕೆಲಸ. ಕೆಲಸ ಸುಲಭ. ಜನ ಸುಲಭವಲ್ಲ.

ಪ್ರಿಂಟರ್ ಕೆಟ್ಟಿದೆ ಎಂದು ಒಬ್ಬರು ಬರೆದರೆ ಇನ್ನೊಬ್ಬರು ಉಪಾಯ ಹೇಳುತ್ತಾರೆ. ಸರಿ. ಅದಕ್ಕೆ ಹನ್ನೊಂದು ಜನ ‘ಧನ್ಯವಾದ’ ಎಂದು ಎಲ್ಲರಿಗೂ ಕಳಿಸಬೇಕೇ? ಕಳಿಸಲಿ ಬಿಡಿ, ಕೆಳಗೆ ಹಳೆಯ ಪತ್ರಗಳನ್ನೆಲ್ಲ ಹಾಗೇ ಜೋತುಬಿಡುತ್ತಾರಲ್ಲ, ಅದಕ್ಕೇನು ಹೇಳಲಿ! ಕೆಲವರು ಹೊಸ ಮಾತನ್ನು ಮೇಲೆ ಬರೆಯುತ್ತಾರೆ, ಕೆಲವರು ಕೆಳಗೆ, ಒಬ್ಬ ಮಹಾನುಭಾವರು ನಟ್ಟನಡುವೆ.

ಇದರ ಕಷ್ಟವೆಲ್ಲ ನೀಲಮ್ಮ ಕೊಣ್ಣೂರರಿಗೆ. ಅವರು ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ಕಣ್ಣು ಕಾಣುವುದಿಲ್ಲ. ಅವರ ಕಂಪ್ಯೂಟರ್ ಪತ್ರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಉಳಿದವರು ಹಳೆಯದನ್ನು ಕಣ್ಣಲ್ಲೇ ದಾಟಿಬಿಡುತ್ತಾರೆ. ನೀಲಮ್ಮ ಅಷ್ಟನ್ನೂ ಕೇಳಿಯೇ ಹೊಸದನ್ನು ಹುಡುಕಬೇಕು. ನನ್ನ ಯೋಗಕ್ಷೇಮ ನೋಡುತ್ತಿದ್ದವರೂ ಅವರೊಬ್ಬರೇ. “ರಾಚಯ್ಯನವರ, ಇದರ ಫ್ಯಾನಿನ ದನಿ ಬ್ಯಾರೆ ಆಗೇತಿ. ಧೂಳ ಕುಂತಿರಬೇಕು, ತಗದು ನೋಡ್ರಿ,” ಎನ್ನುತ್ತಿದ್ದರು. ಕಣ್ಣಿದ್ದವರಿಗೆ ಅದು ಯಾವತ್ತೂ ಹೊಳೆಯಲಿಲ್ಲ.

ಒಂದು ಸೋಮವಾರ ಅವರು ಬಳಗಕ್ಕೆ ಬರೆದರು: “ಎಲ್ಲರಿಗೂ ನಮಸ್ಕಾರ. ಉತ್ತರ ಬರೆಯುವಾಗ ದಯವಿಟ್ಟು ಹಳೆಯ ಪತ್ರವನ್ನು ಅಳಿಸಿ. ನಾನು ಪ್ರತಿ ಸಲ ಅದನ್ನು ಪೂರ್ತಿ ಕೇಳಬೇಕಾಗುತ್ತದೆ. ಹೀಗೇ ನಡೆದರೆ ನಾನು ಬಳಗದಲ್ಲಿ ಇರುವುದು ಕಷ್ಟ. ಬಿಡುವ ಮನಸ್ಸಂತೂ ಇಲ್ಲ.”

ಅಬ್ಬಾ, ಕೊನೆಗೂ ಒಬ್ಬರು ಹೇಳಿದರಲ್ಲ ಎಂದು ಹಿಗ್ಗಿದೆ. ಸಂಜೆಯೊಳಗೆ ಉತ್ತರಗಳು ಬಂದವು. ‘ಒಪ್ಪಿದೆ.’ ‘ಖಂಡಿತ.’ ‘ಅಕ್ಕಾರು ಹೇಳೂದು ಬರೋಬ್ಬರಿ ಐತಿ.’ ಒಟ್ಟು ನಲವತ್ತೆರಡು. ಪ್ರತಿಯೊಂದರಲ್ಲೂ ನೀಲಮ್ಮನವರ ಪತ್ರ ಪೂರ್ತಿ ಹಾಗೇ ಇತ್ತು! ಅಯ್ಯೋ ಪುಣ್ಯಾತ್ಮರೇ! ತನ್ನ ಬೇಡಿಕೆಯನ್ನೇ ಆ ಹೆಂಗಸು ನಲವತ್ತೆರಡು ಸಲ ಕೇಳಬೇಕಾಯಿತು. ತಲುಪಿಸಿದ್ದು ನಾನೇ. ತಡೆಯುವ ಅಧಿಕಾರ ನನಗೆಲ್ಲಿದೆ?

ಗುರುವಾರ ಅವರು ಒಂದೇ ಸಾಲು ಬರೆದರು: “ನಾನು ಬಳಗ ಬಿಡುತ್ತಿದ್ದೇನೆ, ಎಲ್ಲರಿಗೂ ಒಳ್ಳೆಯದಾಗಲಿ.” ತಮ್ಮ ಹೆಸರನ್ನು ಪಟ್ಟಿಯಿಂದ ತಾವೇ ತೆಗೆದರು. ಆಮೇಲೆ ಶುರುವಾಯಿತು ನೋಡಿ: ‘ಅಕ್ಕಾರ, ಹೋಗಬ್ಯಾಡ್ರಿ.’ ‘ತಪ್ಪಾತ್ರಿ, ಇರ್ರಿ.’ ಮೂವತ್ತೊಂದು ಪತ್ರ, ಎಲ್ಲವೂ ಪಟ್ಟಿಗೇ. ಉಳಿದ ಅರವತ್ತೇಳು ಜನರಿಗೂ ತಲುಪಿಸಿದೆ. ಪಟ್ಟಿಯಲ್ಲಿ ಇಲ್ಲದವರಿಗೆ ಹೇಗೆ ತಲುಪಿಸಲಿ?

ಭಾನುವಾರ ರಾಚಯ್ಯ ನನ್ನೆದುರೇ ಅಂದರು, “ಇಷ್ಟ ಮಂದಿ ಬರದ್ರೂ ಅಕ್ಕಾರು ಒಂದಕ್ಕೂ ಉತ್ತರ ಕೊಡವಲ್ಲರು. ಭಾಳ ಸಿಟ್ಟಿಗೆದ್ದಾರ.”

“ಇನ್ನೊಂದ್ಸಲ ಮೇಲ್ ಹಾಕ್ರಿ,” ಎಂದರು ಯಾರೋ. ನೀಲಮ್ಮನವರ ಮನೆ ಗ್ರಂಥಾಲಯದಿಂದ ಎರಡೇ ಓಣಿ ಆಚೆ. ಒಬ್ಬರೂ ಎದ್ದು ಹೋಗಲಿಲ್ಲ.

ಮರುವರ್ಷ ಬಳಗದವರೆಲ್ಲ ಫೋನಿನ ಗುಂಪಿಗೆ ಹೋದರು. ರಾಚಯ್ಯ ನನ್ನ ವೈರು ಕಿತ್ತು, ಹರಿದ ಪುಸ್ತಕಗಳ ಪಕ್ಕ ನೆಲಕ್ಕಿಟ್ಟರು. ಇಲ್ಲೇ ಮುದಿಯಾಗುತ್ತಿದ್ದೇನೆ. ಮೊನ್ನೆ ಏನೋ ಅರ್ಜಿಗಾಗಿ ನೀಲಮ್ಮ ಬಂದರು. ಹೊರಡುವಾಗ ಬಾಗಿಲಲ್ಲಿ ನಿಂತರು.

“ಒಂದ ಮಾತ ಕೇಳ್ತೀನ್ರಿ ರಾಚಯ್ಯನವರ. ನಾ ಬಿಟ್ಟ ಹೊಂಟಾಗ, ಇರವಾ ಅಂತ ಒಬ್ಬರೂ ಅನ್ನಲಿಲ್ಲಲ್ರಿ?”

“ಅಂದೇವಲ್ರಿ ಅಕ್ಕಾರ! ಎಲ್ಲಾರೂ ಬರದೇವಿ, ಬಳಗಕ್ಕ…” ಎನ್ನುತ್ತಿದ್ದ ರಾಚಯ್ಯ ನೆಲದ ಮೇಲಿದ್ದ ನನ್ನತ್ತ ತಿರುಗಿದರು.

ನೀಲಮ್ಮ ಕೋಲು ಊರುತ್ತ ಮೆಟ್ಟಿಲಿಳಿದರು. ಮೂವತ್ತೊಂದೂ ಪತ್ರ ನನ್ನ ಹೊಟ್ಟೆಯಲ್ಲಿವೆ. ಹಳೆಯ ಪತ್ರಗಳಲ್ಲಿ ಅವರ ವಿಳಾಸವೂ ಇದೆ.