ಅಡ್ಡ ಹಿಡಿದ ಕೈ

ಇದೂ ಎಡಗೈ, ಇದೂ ಮುಂಗೈಯಲ್ಲಿ ಕಿರುಬೆರಳಿನ ಬದಿಯ ಮೂಳೆ, ಇದೂ ನಡುವಿನಲ್ಲೇ ತುಂಡು — ಅವಳು ಅದನ್ನು ಹತ್ತಿಯ ಮೇಲೆ ಮಲಗಿಸಿ ಉತ್ಖನನದಿಂದ ಬಂದ ಮುಂದಿನ ಪೆಟ್ಟಿಗೆ ಎಳೆದುಕೊಂಡಳು, ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಹೆಂಗಸರೆಲ್ಲ ಮಾತಾಡಿಕೊಂಡವರ ಹಾಗೆ ಒಂದೇ ಸಾಕ್ಷಿ ಹೇಳುತ್ತಾರಲ್ಲ, ಒಬ್ಬಳಾದರೂ ಜಾರಿ ಬಿದ್ದು ಇಲ್ಲಿ ಮುರಿದುಕೊಂಡಿರಬಾರದೆ, ಬೀಳುವವರು ಅಂಗೈ ಊರುತ್ತಾರೆ, ಊರಿದರೆ ಹೋಗುವುದು ಮಣಿಕಟ್ಟು, ಹೊಡೆತಕ್ಕೆ ಕೈ ಅಡ್ಡ ಹಿಡಿದವರಿಗೇ ಹೀಗೆ ನಡುವೆ ಮುರಿಯುವುದು — ವರ್ಷವರ್ಷ ವಿದ್ಯಾರ್ಥಿಗಳಿಗೆ ಈ ಪಾಠ ಹೇಳಿದವಳೂ ಅವಳೇ, ಈಗ ಅದು ಸುಳ್ಳಾಗಲಿ ಎಂದು ಕಂಡಕಂಡ ಪೆಟ್ಟಿಗೆಗೆ ಕೈ ಮುಗಿಯುತ್ತಿರುವವಳೂ ಅವಳೇ. ಅಮ್ಮ, ಇವ್ಳು ಮೆಟ್ಟಿಲಲ್ಲಿ ಜಾರಿ ಬಿದ್ಲು, ಎಂದಿದ್ದ ಮಗ, ನೀರು ಕುಡಿಯುತ್ತ, ಅಷ್ಟು ಸಲೀಸಾಗಿ. ಸೊಸೆ ಎಕ್ಸ್‌ರೇಯನ್ನು ಅತ್ತೆಯ ಕೈಗಿಟ್ಟು ನಿಂತಳು, ಕಿಟಕಿಗೆ ಹಿಡಿದರೆ ಎಡಗೈಯ ಬಿಳಿ ಮೂಳೆ, ನಡುವೆ ಕಪ್ಪು ಗೆರೆ, ಸೊಸೆಯ ಕಣ್ಣು ಮಾತ್ರ ಅತ್ತೆಯ ಮುಖದ ಮೇಲೆ, ಅದನ್ನು ಓದಬಲ್ಲವಳು ಮನೆಯಲ್ಲಿ ಒಬ್ಬಳೇ ಎಂದು ಇಬ್ಬರಿಗೂ ಗೊತ್ತು. ಸಂಜೆ ಸೊಸೆಯ ಅಣ್ಣ ಬರುತ್ತಾನಂತೆ, ಫೋನಿನಲ್ಲಿ ಅವನೇ ಅಂದಿದ್ದ, ನಿಮ್ಮ ಮಾತೇ ಕೊನೆ ಅಮ್ಮ, ಬಿದ್ದದ್ದೇ ಅಂತ ನೀವಂದ್ರೆ ತಂಗೀನ ಇಲ್ಲೇ ಬಿಟ್ಟು ಹೋಗ್ತೀನಿ, ಪುಣ್ಯಾತ್ಮ, ಇಷ್ಟು ನಂಬು ಎಂದು ನಿನಗೆ ಯಾರು ಹೇಳಿದರು.

ಹೆತ್ತವರಿಗೆ ಹೆಗ್ಗಣ ಮುದ್ದು, ಹೌದು, ಮುದ್ದೇ, ಏನೀಗ, ಜ್ವರ ಬಂದರೆ ಅವಳ ಬೆರಳು ಹಿಡಿದೇ ನಿದ್ದೆ ಹೋಗುತ್ತಿದ್ದ, ಜಿರಲೆ ಕೊಂದರೂ ಅಳುತ್ತಿದ್ದ, ಆ ಕೈ — ಬೇಡ, ಮುಂದಿನ ಪೆಟ್ಟಿಗೆ, ಹೆಂಗಸು, ಸಣ್ಣ ವಯಸ್ಸು, ಎಡಗೈ, ಅಯ್ಯೋ, ಈ ಹುಡುಗಿಯದು ಒಮ್ಮೆ ಮುರಿದು ಕೂಡಿ ಗಂಟು ಕಟ್ಟಿದೆ, ಗಂಟಿನ ಪಕ್ಕದಲ್ಲೇ ಮತ್ತೆ ಮುರಿದಿದೆ, ಎರಡನೆಯದು ಕೂಡಿಯೇ ಇಲ್ಲ, ಕೂಡುವಷ್ಟು ದಿನ ಹುಡುಗಿ ಬದುಕಲಿಲ್ಲ. ಮೊದಲ ಸಲ ಮುರಿದಾಗ ಯಾರೋ ಒಬ್ಬ ಅತ್ತೆ, ಬಿದ್ದಳು, ಎಂದಿರಬೇಕು. ಫೋನು ಬಡಿದುಕೊಳ್ಳುತ್ತಿದೆ, ಮಗ, ಪಿಸುದನಿ, ಅಮ್ಮ ಅವ್ನು ಆಗ್ಲೇ ಬಂದ್ಬಿಟ್ಟ, ಸ್ಪೀಕರ್ ಹಾಕ್ತೀನಿ, ಬಿದ್ರೂ ಹಂಗೇ ಮುರಿಯುತ್ತೆ ಅಂತ ಒಂದ್ ಮಾತು ಹೇಳ್ಬಿಡು, ಸಾಕು — ಸ್ಪೀಕರ್ ಹಾಕಿದ ಸದ್ದು, ಅಲ್ಲಿ ಎಲ್ಲರೂ ಕಿವಿಯಾಗಿರುವುದು ಇಲ್ಲಿಗೇ ಕೇಳುತ್ತದೆ, ಹೇಳಿಬಿಡು, ಒಂದೇ ಒಂದು ಮಾತು, ನಿನ್ನ ಮಗ ಕಣೇ. ತಂಗೀನ ಕರ್ಕೊಂಡ್ ಹೋಗಪ್ಪ, ಅವಳು ಬಿದ್ದಿಲ್ಲ — ಅಂದದ್ದು ತನ್ನದೇ ದನಿ, ಅತ್ತಲಿಂದ ಅಮ್ಮಾ ಎಂಬ ಮಗನ ಕೂಗು, ಕಣ್ಣೆದುರು ಬೇರೇನೂ ಇಲ್ಲ, ಮುಖಕ್ಕೆ ಅಡ್ಡ ಹಿಡಿದ ಒಂದು ಎಡಗೈ, ಅದರ ಮೇಲೆ ಎತ್ತಿದ ಇನ್ನೊಂದು ಕೈ, ಅದು ತನ್ನ ಮಗುವಿನದು